ತಣ್ಣನೆಯ ಕಾಫಿ, ತಣ್ಣನೆಯ ಹಾಲು, ತಣ್ಣನೆಯ ನೀರು

ಕನ್ನಡದಲ್ಲಿ ಕಾಫಿಯಾಗಲಿ, ಹಾಲಾಗಲಿ, ನೀರಾಗಲಿ, ‘ತಣ್ಣನೆಯ’ ಎಂಬ ಮಾತು ಇದ್ದ ಹಾಗೇ ಇರುತ್ತದೆ. ಜರ್ಮನ್‌ನಲ್ಲಿ ಹಾಗಿಲ್ಲ. ಕಾಲ್ಟೆರ್ ಕಾಫೆ, ಕಾಲ್ಟೆ ಮಿಲ್ಶ್, ಕಾಲ್ಟೆಸ್ ವಾಸೆರ್. ಅಲ್ಲಿ ಕಾಫಿ ಪುಲ್ಲಿಂಗ, ಹಾಲು ಸ್ತ್ರೀಲಿಂಗ, ನೀರು ನಪುಂಸಕಲಿಂಗ. ‘ಕಾಲ್ಟ್’ ಎಂಬ ಒಂದೇ ಗುಣವಾಚಕ ಮೂರು ಬಾಲಗಳನ್ನು ತೊಟ್ಟು ಬರುತ್ತದೆ. ಬರೀ ‘ತಣ್ಣೀರಿನಿಂದ’ ಎನ್ನಲು ‘ಮಿಟ್ ಕಾಲ್ಟೆಮ್ ವಾಸೆರ್’ ಎನ್ನಬೇಕು. ‘ಆ ತಣ್ಣನೆಯ ನೀರಿನಿಂದ’ ಎನ್ನುವಾಗ ಅದು ‘ಮಿಟ್ ಡೇಮ್ ಕಾಲ್ಟೆನ್ ವಾಸೆರ್’ ಆಗುತ್ತದೆ. ನೀರು ಅದೇ, ತಂಪೂ ಅದೇ. ಬಾಲ ಮಾತ್ರ ಬೇರೆ.

ಬೆಂಗಳೂರಿನಲ್ಲಿ ಸಂಜೆ ಹೊತ್ತು ಜರ್ಮನ್ ಕಲಿಸಲು ಶುರು ಮಾಡಿ ಹದಿನಾಲ್ಕು ವರ್ಷವಾಯಿತು. ನನ್ನಲ್ಲಿಗೆ ಬರುವವರಲ್ಲಿ ನರ್ಸ್‌ಗಳೇ ಹೆಚ್ಚು. ಅವರ ನಂತರ ಎಂಜಿನಿಯರಿಂಗ್ ಮುಗಿಸಿ ಮುಂದಿನ ಓದಿಗೆ ಹೊರಟವರು, ಆಗೊಬ್ಬರು ಈಗೊಬ್ಬರು ಪಾಶ್ಚಾತ್ಯ ಸಂಗೀತ ಕಲಿಯುವವರು. ಮೊದಲ ಎರಡು ತಿಂಗಳು ಎಲ್ಲರೂ ಉತ್ಸಾಹದಿಂದ ಇರುತ್ತಾರೆ. ಗುಣವಾಚಕದ ಪಾಠ ಬಂದ ವಾರ ತರಗತಿಯಲ್ಲಿ ಒಂದು ಬಗೆಯ ಮೌನ ಇಳಿಯುತ್ತದೆ. ನಾನು ಕಲಿಯುವಾಗಲೂ ಇದೇ ಪಾಠದಲ್ಲಿ ಎರಡು ವರ್ಷ ಸಿಕ್ಕಿಕೊಂಡಿದ್ದೆ. ಆ ಎರಡು ವರ್ಷ ಬೇರೆ ಯಾರಿಗೂ ಬೇಕಾಗದಿರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಜರ್ಮನ್ ಪದಗಳನ್ನು ಅವುಗಳ ಕಾಗುಣಿತಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇನೆ. ಉಚ್ಚಾರಣೆಯ ಮಾತು ಕೊನೆಯ ಪಾಠದಲ್ಲಿದೆ.

1. ಕೋಷ್ಟಕದಿಂದ ಶುರು ಮಾಡಬೇಡಿ

ಯಾವ ಪಠ್ಯಪುಸ್ತಕ ತೆರೆದರೂ ಮೂರು ಕೋಷ್ಟಕಗಳು ಸಿಗುತ್ತವೆ. ಗುಣವಾಚಕದ ಮುಂದೆ ‘ಡೇರ್, ಡೀ, ಡಾಸ್’ ಇದ್ದರೆ ಒಂದು, ‘ಐನ್’ ಇದ್ದರೆ ಇನ್ನೊಂದು, ಏನೂ ಇಲ್ಲದಿದ್ದರೆ ಮತ್ತೊಂದು. ಅಡ್ಡಕ್ಕೆ ಮೂರು ಲಿಂಗ ಮತ್ತು ಬಹುವಚನ, ಉದ್ದಕ್ಕೆ ನಾಲ್ಕು ವಿಭಕ್ತಿ. ಒಂದೊಂದರಲ್ಲಿ 16 ಮನೆ, ಒಟ್ಟು 48. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ’ ಎಂದು ರಾಗವಾಗಿ ಒಪ್ಪಿಸಿ ಬೆಳೆದವಳು ನಾನು. ಈ 48 ಮನೆಗಳನ್ನೂ ಹಾಗೇ ಬಾಯಿಪಾಠ ಮಾಡಿದೆ. ಬರೆಯುವಾಗ ಅದು ಅಷ್ಟಿಷ್ಟು ಕೈ ಹಿಡಿಯಿತು. ಮಾತಾಡಲು ಬಾಯಿ ತೆರೆದಾಗ ಸರಿಯಾದ ಮನೆ ಹುಡುಕುವಷ್ಟರಲ್ಲಿ ಎದುರಿಗಿದ್ದವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು.

48 ಮನೆಗಳಲ್ಲಿ ವಾಸವಾಗಿರುವುದು ಐದೇ ಪ್ರತ್ಯಯಗಳು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಎ, ಎನ್, ಎರ್, ಎಸ್, ಎಮ್. ಇಷ್ಟೇ. ಅವುಗಳ ಹಿಂದಿರುವ ನಿಯಮವೂ ಒಂದೇ. ಅದು ಎರಡನೆಯ ಪಾಠ; ಉಳಿದದ್ದೆಲ್ಲ ಅದರ ಬಳಕೆ.

2. ಪಂಜು ಯಾರ ಕೈಯಲ್ಲಿದೆ ಎಂದು ನೋಡಿ

‘ಆ ಪುಟ್ಟ ಮಗುವಿಗೆ’ ಎನ್ನುತ್ತೇವೆ. ‘ಆ’ ಬದಲಾಗಲಿಲ್ಲ, ‘ಪುಟ್ಟ’ ಬದಲಾಗಲಿಲ್ಲ. ‘ಗೆ’ ಎಂಬ ಚತುರ್ಥೀ ಪ್ರತ್ಯಯ ಒಮ್ಮೆ ಮಾತ್ರ, ಕೊನೆಯ ಪದಕ್ಕೆ ಅಂಟಿತು. ಜರ್ಮನ್‌ನಲ್ಲಿ ಇದು ‘ಡೇಮ್ ಕ್ಲೈನೆನ್ ಕಿಂಡ್’. ಇಲ್ಲಿ ‘ಕಿಂಡ್’ ಅಂದರೆ ಮಗು, ಅದು ಹೇಗಿತ್ತೋ ಹಾಗೇ ಇದೆ. ‘ಗೆ’ ಕೂತಿರುವುದು ಮೊದಲ ಪದದಲ್ಲಿ: ‘ಡೇಮ್’ನ ಆ ‘ಮ್’ಕಾರವೇ ನಮ್ಮ ‘ಗೆ’. ಕನ್ನಡ ಕೊನೆಯಲ್ಲಿ ಹೊರಿಸುವ ಹೊರೆಯನ್ನು ಜರ್ಮನ್ ಮುಂದೆಯೇ ಹೊರಿಸುತ್ತದೆ.

ತರಗತಿಯಲ್ಲಿ ನಾನು ಇದನ್ನು ಮೆರವಣಿಗೆ ಎನ್ನುತ್ತೇನೆ. ರಾತ್ರಿ ಹೊತ್ತು ಊರ ಉತ್ಸವ ಹೊರಟಾಗ ಮುಂದಿರುವವನ ಕೈಯಲ್ಲಿ ಪಂಜು ಇರುತ್ತದೆ. ಅವನು ಇದ್ದರೆ ಹಿಂದಿನವರು ಬರಿಗೈಯಲ್ಲಿ ನಡೆಯಬಹುದು. ಅವನು ಬಾರದಿದ್ದರೆ ಅವನ ಹಿಂದಿನವನು ಪಂಜು ಹಿಡಿಯಬೇಕು. ‘ಡೇಮ್ ಕ್ಲೈನೆನ್ ಕಿಂಡ್’ನಲ್ಲಿ ಪಂಜು ‘ಡೇಮ್’ ಕೈಯಲ್ಲಿದೆ. ಹಾಗಾಗಿ ‘ಕ್ಲೈನ್’ಗೆ ಬರೀ ‘ಎನ್’ ಸಾಕು. ‘ಪುಟ್ಟ ಮಗುವಿನ ಜೊತೆಗಿರುವ ಹೆಂಗಸು’ ಎನ್ನಲು ‘ಫ್ರೌ ಮಿಟ್ ಕ್ಲೈನೆಮ್ ಕಿಂಡ್’ ಎನ್ನಬಹುದು. ಇಲ್ಲಿ ‘ಡೇಮ್’ ಇಲ್ಲ. ಪಂಜು ‘ಕ್ಲೈನ್’ ಕೈಗೆ ಬಂತು, ‘ಎಮ್’ ಅದರ ಬಾಲವಾಯಿತು. ಹಿಂದೆ ಇನ್ನೊಂದು ಗುಣವಾಚಕ ಬಂದರೆ ಅದೂ ಜೊತೆಗಾರನಂತೆಯೇ ಪಂಜು ಹಿಡಿಯುತ್ತದೆ: ‘ಮಿಟ್ ಫ್ರಿಶೆಮ್, ಕಾಲ್ಟೆಮ್ ವಾಸೆರ್’.

ಪಂಜು ಬೇರೆಯವರ ಕೈಯಲ್ಲಿದ್ದಾಗ ಗುಣವಾಚಕಕ್ಕೆ ಎರಡೇ ಉಡುಪು, ‘ಎ’ ಅಥವಾ ‘ಎನ್’. ಯಾವುದು ಎಂದು ತಿಳಿಯಲು ಹೀಗೆ ಕೇಳಿಕೊಳ್ಳಿ: ನಿಘಂಟಿನಲ್ಲಿ ಈ ಪದದ ಜೊತೆ ಬರೆದಿರುವ ಡೇರ್, ಡೀ ಅಥವಾ ಡಾಸ್ ಹಾಗೇ ಉಳಿದಿದೆಯೇ, ಪದ ಏಕವಚನದಲ್ಲಿದೆಯೇ? ಹೌದಾದರೆ ‘ಎ’. ಉಳಿದ ಕಡೆಯಲ್ಲೆಲ್ಲ ‘ಎನ್’. 16 ಮನೆಗಳಲ್ಲಿ 5 ‘ಎ’, 11 ‘ಎನ್’. ‘ಡೀ ಗೂಟೆ ಫ್ರೌ’ ಅಂದರೆ ಆ ಒಳ್ಳೆಯ ಹೆಂಗಸು. ‘ಡೇರ್ ಗೂಟೆನ್ ಫ್ರೌ’ ಅಂದರೆ ಆ ಒಳ್ಳೆಯ ಹೆಂಗಸಿಗೆ, ಅಥವಾ ಹೆಂಗಸಿನ. ‘ಡೇರ್’ ಕಂಡ ಕೂಡಲೇ ಪುಲ್ಲಿಂಗ ಎಂದು ಹಾರುವ ಮನಸ್ಸನ್ನು ‘ಗೂಟೆನ್’ನ ‘ನ್’ ಹಿಡಿದು ನಿಲ್ಲಿಸುತ್ತದೆ. ಬಾಲಗಳು ಬರೀ ಅಲಂಕಾರ ಎನ್ನುವವರಿಗೆ ನಾನು ಈ ಒಂದು ಜೋಡಿಯನ್ನು ತೋರಿಸುತ್ತೇನೆ.

ಹತ್ತನೇ ತರಗತಿಯಲ್ಲಿ ಸಂಸ್ಕೃತ ತೆಗೆದುಕೊಂಡವರು ವಿಭಕ್ತಿಗೆ ಹೆದರುವುದಿಲ್ಲ. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಎಂದರೆ ಜರ್ಮನ್‌ನ ನಾಲ್ಕೂ ವಿಭಕ್ತಿಗಳು ಅವರಿಗೆ ಒಂದೇ ದಿನದಲ್ಲಿ ಹೊಳೆಯುತ್ತವೆ. ಆದರೆ ಅವರಿಗೇ ಆಗುವ ಒಂದು ತಪ್ಪು ಇದೆ. ಸಂಸ್ಕೃತದಲ್ಲಿ ‘ತಸ್ಮೈ ಸುಂದರಾಯ ಬಾಲಕಾಯ’ ಎನ್ನುವಾಗ ಮೂರೂ ಪದಗಳು ಚತುರ್ಥಿಯ ಹೊರೆ ಹೊರುತ್ತವೆ. ಅದೇ ರೂಢಿಯಲ್ಲಿ ಅವರು ‘ಡೇಮ್ ಕ್ಲೈನೆಮ್ ಕಿಂಡ್’ ಎಂದು ಬರೆಯುತ್ತಾರೆ. ಜರ್ಮನ್‌ಗೆ ಒಂದು ಸಲ ಹೇಳಿದರೆ ಸಾಕು. ಆ ವಿಷಯದಲ್ಲಿ ಅದು ಸಂಸ್ಕೃತಕ್ಕಿಂತ ಕನ್ನಡಕ್ಕೇ ಹತ್ತಿರ.

ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು, 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಮುಂದಿನ ಪದ ಹೊರೆ ಹೊರುವ ಭಾಷೆಯಿಂದ ಬಂದವರು ಕೊನೆಯ ಪದ ಹೊರೆ ಹೊರುವ ಭಾಷೆಯನ್ನು ಅಷ್ಟು ಆಳವಾಗಿ ಕಲಿತರು. ಅದೇ ದಾರಿಯಲ್ಲಿ ನಾವು ಎದುರು ದಿಕ್ಕಿನಿಂದ ನಡೆಯುತ್ತಿದ್ದೇವೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಧೈರ್ಯ ಬರುತ್ತದೆ.

3. ‘ಐನ್’ ಮೂರೇ ಕಡೆ ಬರಿಗೈ

‘ಒಬ್ಬ, ಒಂದು’ ಎನ್ನುವ ‘ಐನ್’ ಬಹುತೇಕ ಕಡೆ ತಾನೇ ಪಂಜು ಹಿಡಿಯುತ್ತದೆ: ಐನೆ, ಐನೆನ್, ಐನೆಮ್, ಐನೆರ್, ಐನೆಸ್. ಅಲ್ಲೆಲ್ಲ ಎರಡನೆಯ ಪಾಠದ ನಿಯಮವೇ ನಡೆಯುತ್ತದೆ. ಪುಲ್ಲಿಂಗದ ಪ್ರಥಮಾ, ನಪುಂಸಕದ ಪ್ರಥಮಾ ಮತ್ತು ದ್ವಿತೀಯಾ, ಈ ಮೂರು ಕಡೆ ಮಾತ್ರ ಅದು ಬರೀ ‘ಐನ್’. ಕೈಯಲ್ಲಿ ಏನೂ ಇಲ್ಲ. ಆಗ ಗುಣವಾಚಕ ಪಂಜು ಎತ್ತಿಕೊಳ್ಳುತ್ತದೆ: ‘ಐನ್ ಗೂಟೆರ್ ಮಾನ್’, ‘ಐನ್ ಗೂಟೆಸ್ ಕಿಂಡ್’. ಇಡೀ ಎರಡನೆಯ ಕೋಷ್ಟಕದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಈ ಮೂರು ಮನೆ ಮಾತ್ರ.

ನನ್ನ, ನಿನ್ನ, ಅವನ, ಅವಳ, ನಮ್ಮ ಎನ್ನುವ ಪದಗಳೂ, ‘ಇಲ್ಲ’ ಎನ್ನಲು ಬಳಸುವ ‘ಕೈನ್’ ಕೂಡ ‘ಐನ್’ನ ದಾರಿಯನ್ನೇ ಹಿಡಿಯುತ್ತವೆ. ಇಲ್ಲಿ ಚೆನ್ನಾಗಿ ಕಲಿತವರೂ ಎಡವುವ ಒಂದು ಜಾಗ ಇದೆ. ‘ನಮ್ಮ’ ಎನ್ನಲು ‘ಉನ್ಸೆರ್’. ‘ನಮ್ಮ ಹಳೆಯ ಮೇಷ್ಟ್ರು’ ಅಂದರೆ ‘ಉನ್ಸೆರ್ ಆಲ್ಟೆರ್ ಲೇರೆರ್’. ‘ಉನ್ಸೆರ್’ ಕೊನೆಯಲ್ಲಿ ಆಗಲೇ ‘ಎರ್’ ಇದೆಯಲ್ಲ, ಪಂಜು ಅದರ ಕೈಯಲ್ಲಿದೆ ಎಂದುಕೊಂಡು ‘ಉನ್ಸೆರ್ ಆಲ್ಟೆ ಲೇರೆರ್’ ಎಂದು ಬರೆಯುತ್ತಾರೆ. ಆ ‘ಎರ್’ ಪ್ರತ್ಯಯವಲ್ಲ, ಪದದ ಮೈಯೇ ಅದು. ಈ ಒಂದನ್ನು ಬೋರ್ಡಿನ ಮೂಲೆಯಲ್ಲಿ ಬರೆದು ವಾರಗಟ್ಟಲೆ ಅಳಿಸದೆ ಬಿಡುತ್ತೇನೆ.

4. ನಿಯಮ ಮುರಿದಂತೆ ಕಂಡಲ್ಲಿ ಇನ್ನೊಮ್ಮೆ ನೋಡಿ

‘ಕೆಟ್ಟ ಹವೆಯಿದ್ದರೂ’ ಎನ್ನಲು ‘ಟ್ರೋಟ್ಸ್ ಶ್ಲೆಖ್ಟೆನ್ ವೆಟೆರ್ಸ್’ ಎನ್ನುತ್ತಾರೆ. ಷಷ್ಠೀ ವಿಭಕ್ತಿ, ಮುಂದೆ ‘ಡೆಸ್’ ಇಲ್ಲ. ನಮ್ಮ ಲೆಕ್ಕದಲ್ಲಿ ‘ಶ್ಲೆಖ್ಟೆಸ್’ ಆಗಬೇಕಿತ್ತು; ಆದರೆ ‘ಶ್ಲೆಖ್ಟೆನ್’. ಬಹಳ ಪುಸ್ತಕಗಳು ಇದನ್ನು ಅಪವಾದ ಎಂದು ಬಿಟ್ಟುಬಿಡುತ್ತವೆ. ನಾಮಪದದ ಕೊನೆಗೆ ಕಣ್ಣು ಹಾಯಿಸಿ: ‘ವೆಟೆರ್’ ಎಂಬುದು ‘ವೆಟೆರ್ಸ್’ ಆಗಿದೆ. ಷಷ್ಠಿಯ ‘ಸ್’ ಅಲ್ಲಿದೆ. ಈ ಸಲ ಪಂಜು ಹಿಡಿದಿರುವುದು ಮೆರವಣಿಗೆಯ ಕೊನೆಯವನು, ಥೇಟ್ ಕನ್ನಡದ ಹಾಗೆ.

ಪಂಜು ಹಿಡಿದ ಬಾಲಕ್ಕೆ ‘ಶ್ಟಾರ್ಕ್’, ಅಂದರೆ ಬಲವಾದದ್ದು, ಬರಿಗೈಯದಕ್ಕೆ ‘ಶ್ವಾಖ್’, ಅಂದರೆ ದುರ್ಬಲವಾದದ್ದು ಎಂದು ಹೆಸರಿಟ್ಟವರು ಯಾಕೋಬ್ ಗ್ರಿಮ್. ತಮ್ಮ ವಿಲ್ಹೆಲ್ಮ್ ಜೊತೆ ಸೇರಿ ಜನಪದ ಕಥೆಗಳನ್ನು ಕೂಡಿಸಿದವರೇ ಇವರು. ಅವರ ಜರ್ಮನ್ ವ್ಯಾಕರಣದ ಮೊದಲ ಸಂಪುಟ 1819ರಲ್ಲಿ ಬಂತು. ಆ ‘ಎನ್’ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಹಳೆಯ ಜರ್ಮಾನಿಕ್‌ನ ನಕಾರಾಂತ ನಾಮಪದಗಳ ಬಳಿ ನಿಲ್ಲುತ್ತೇವೆ. ಅವು ಸಂಸ್ಕೃತದ ರಾಜನ್, ಆತ್ಮನ್ ಎಂಬ ಶಬ್ದಗಳ ದೂರದ ನೆಂಟರು. ಇನ್ನೊಂದು ಕಡೆ, ಬಲವಾದ ಬಾಲಗಳಲ್ಲಿ ಬಹಳಷ್ಟು ಸರ್ವನಾಮಗಳಿಂದ ಬಂದವು. ‘ಎರ್, ಎಸ್, ಎಮ್’ಗಳು ‘ಡೇರ್, ಡಾಸ್, ಡೇಮ್’ಗಳನ್ನು ಹೋಲುವುದು ಅದಕ್ಕೇ.

5. ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ

ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ. ಗಂಡಸು, ಹೆಂಗಸು, ಉಳಿದದ್ದು ಎಂದು ನೋಡಿದರೆ ತಿಳಿಯುತ್ತದೆ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಹುಡುಗಿ ಎನ್ನುವ ‘ಮೇಡ್ಶೆನ್’ ಕೂಡ ನಪುಂಸಕ, ಏಕೆಂದರೆ ‘ಶೆನ್’ ಎಂದು ಕೊನೆಯಾಗುವ ಅಲ್ಪಾರ್ಥಕ ಪದಗಳೆಲ್ಲ ಹಾಗೇ. ಲಿಂಗ ಗೊತ್ತಿಲ್ಲದವರಿಗೆ ಗುಣವಾಚಕದ ಯಾವ ನಿಯಮವೂ ಉಪಯೋಗಕ್ಕೆ ಬರುವುದಿಲ್ಲ. ನನ್ನ ಅನುಭವದಲ್ಲಿ ಬಾಲದ ತಪ್ಪು ಎಂದು ಕಂಡಿದ್ದರಲ್ಲಿ ಬಹುಪಾಲು ನಿಜಕ್ಕೂ ಲಿಂಗದ ತಪ್ಪು.

ಎಲ್ಲ ಶಿಕ್ಷಕರೂ ‘ಡೇರ್, ಡೀ, ಡಾಸ್ ಜೊತೆಗೇ ಪದ ಕಲಿಯಿರಿ’ ಎನ್ನುತ್ತಾರೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದನ್ನು ಬಿಟ್ಟು ಒಂದು ಗುಣವಾಚಕದ ಜೊತೆ ಬರೆದುಕೊಳ್ಳಿ ಎನ್ನುತ್ತೇನೆ. ‘ಡೇರ್ ಟೇ’ ಎನ್ನುವ ಬದಲು ‘ಶ್ವಾರ್ಟ್ಸೆರ್ ಟೇ’, ಕಪ್ಪು ಟೀ. ಪಂಜು ಗುಣವಾಚಕದ ಕೈಯಲ್ಲಿರುವುದರಿಂದ ಲಿಂಗ ಅದರ ಬಾಲದಲ್ಲೇ ಕಾಣುತ್ತದೆ. ಪದವೂ ಬಂತು, ಲಿಂಗವೂ ಬಂತು, ಬಾಲವೂ ಬಾಯಿಗೆ ಬಂತು. ಅಂಗಡಿಯ ಪೊಟ್ಟಣಗಳು ಹೀಗೇ ಮಾತಾಡುತ್ತವೆ. ಟೀ ಪೊಟ್ಟಣದ ಮೇಲೆ ‘ಶ್ವಾರ್ಟ್ಸೆರ್ ಟೇ’, ಹಾಲಿನ ಮೇಲೆ ‘ಫ್ರಿಶೆ ಫೊಲ್‌ಮಿಲ್ಶ್’, ನೀರಿನ ಬಾಟಲಿಯ ಮೇಲೆ ‘ನಾಟ್ಯೂರ್ಲಿಶೆಸ್ ಮಿನೆರಾಲ್‌ವಾಸೆರ್’. ಎರ್, ಎ, ಎಸ್: ಮೂರು ಲಿಂಗಗಳೂ ಒಂದೇ ಚೀಲದಲ್ಲಿ ಮನೆಗೆ ಬರುತ್ತವೆ. ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಾಗ ನಾನು ಖಾಲಿ ಪೊಟ್ಟಣಗಳ ಮುಂಭಾಗ ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಅದೇ ನನ್ನ ಕೋಷ್ಟಕ.

ಬಿಯರ್ ಬಾಟಲಿಗಳ ಮೇಲಿನ ಬರಹವೂ ಒಂದು ಪಾಠವೇ. 1516ರಲ್ಲಿ ಬವೇರಿಯಾದಲ್ಲಿ ಹೊರಟ ಶುದ್ಧತೆಯ ಕಟ್ಟಳೆಯ ಹೆಸರನ್ನು ಕೆಲವರು ‘ನಾಖ್ ಡೇಮ್ ಡೊಯ್ಚೆನ್ ರೈನ್‌ಹೈಟ್ಸ್‌ಗೆಬೋಟ್’ ಎಂದು ಬರೆಯುತ್ತಾರೆ, ಇನ್ನು ಕೆಲವರು ‘ನಾಖ್ ಡೊಯ್ಚೆಮ್ ರೈನ್‌ಹೈಟ್ಸ್‌ಗೆಬೋಟ್’ ಎಂದು. ‘ಡೇಮ್’ ಇಳಿದುಹೋದ ಕೂಡಲೇ ‘ಎನ್’ ಹೋಗಿ ‘ಎಮ್’ ಬಂತು. ಎರಡನೆಯ ಪಾಠ ಪೂರ್ತಿಯಾಗಿ ಆ ಎರಡು ಚೀಟಿಗಳಲ್ಲಿದೆ.

6. ದಿನಾ ಹೇಳುವ ಶುಭಾಶಯಗಳನ್ನು ಬಿಡಿಸಿ ನೋಡಿ

ಮೊದಲ ದಿನವೇ ಕಲಿಯುವ ‘ಗೂಟೆನ್ ಮೊರ್ಗೆನ್’, ‘ಗೂಟೆನ್ ಟಾಗ್’, ‘ಗೂಟೆ ನಾಖ್ಟ್’ಗಳಲ್ಲಿ ವ್ಯಾಕರಣ ಇದೆ ಎಂದು ಎಷ್ಟೋ ಜನ ಗಮನಿಸುವುದೇ ಇಲ್ಲ. ‘ನಿಮಗೆ ಒಳ್ಳೆಯ ಬೆಳಗನ್ನು ಹಾರೈಸುತ್ತೇನೆ’ ಎಂಬ ಪೂರ್ತಿ ಮಾತಿನ ಉಳಿಕೆ ಅವು. ಹಾಗಾಗಿ ದ್ವಿತೀಯಾ. ಬೆಳಗು, ಹಗಲು ಪುಲ್ಲಿಂಗ, ಆದ್ದರಿಂದ ‘ಎನ್’. ರಾತ್ರಿ ಸ್ತ್ರೀಲಿಂಗ, ಆದ್ದರಿಂದ ‘ಎ’. ವಾರಾಂತ್ಯ ನಪುಂಸಕ, ಆದ್ದರಿಂದ ‘ಶ್ಯೋನೆಸ್ ವೊಖೆನ್‌ಎಂಡೆ’. ಧನ್ಯವಾದ ಪುಲ್ಲಿಂಗ, ‘ಫೀಲೆನ್ ಡಾಂಕ್’. ಕಾಯಿಲೆಯವರಿಗೆ ಹೇಳುವ ‘ಗೂಟೆ ಬೆಸೆರುಂಗ್’ ಸ್ತ್ರೀಲಿಂಗ. ದ್ವಿತೀಯೆಯ ಏಕವಚನದ ಸಾಲು ಪೂರ್ತಿಯಾಗಿ ಬಾಯಲ್ಲಿ ಆಗಲೇ ಇದೆ.

ಪತ್ರಗಳಲ್ಲಿ ಇದು ಇನ್ನೂ ಮುಖ್ಯ. ಮನೆ ಬಾಡಿಗೆಗೆ ಕೇಳಿ ಒಬ್ಬ ಹುಡುಗ ಬರೆದ ಮೇಲ್ ಕಳಿಸುವ ಮೊದಲು ನನಗೆ ತೋರಿಸಿದ. ಒಳಗಿನದೆಲ್ಲ ಸೊಗಸಾಗಿತ್ತು, ಮೊದಲ ಸಾಲಿನಲ್ಲಿ ‘ಜೇರ್ ಗೆಏರ್ಟೆರ್ ಫ್ರೌ’ ಎಂದಿತ್ತು. ಹೆಂಗಸನ್ನು ಪುಲ್ಲಿಂಗದ ಬಾಲದಿಂದ ಕರೆದಂತಾಯಿತು, ‘ಮಾನ್ಯರಾದ ಶ್ರೀಮಾನ್ ಅಮ್ಮನವರೇ’ ಎಂದಹಾಗೆ. ಹೆಂಗಸಿಗೆ ‘ಗೆಏರ್ಟೆ ಫ್ರೌ’, ಗಂಡಸಿಗೆ ‘ಗೆಏರ್ಟೆರ್ ಹೆರ್’. ಮಾತಿನಲ್ಲಿ ಹತ್ತು ಬಾಲ ತಪ್ಪಿದರೂ ಚಿಂತೆಯಿಲ್ಲ. ಪತ್ರದ ಈ ಮೊದಲ ಸಾಲೂ, ‘ಮಿಟ್ ಫ್ರೊಯಿಂಡ್ಲಿಶೆನ್ ಗ್ರ್ಯೂಸೆನ್’ ಎಂಬ ಕೊನೆಯ ಸಾಲೂ ಎಂದೂ ತಪ್ಪಬಾರದು ಎಂದು ನಾನು ಹಟ ಹಿಡಿಯುತ್ತೇನೆ.

7. ಹೆಸರುಗಳನ್ನು ಕೂಡಿಡಿ

ಸಂಗೀತ ಕಲಿಯುವ ಹುಡುಗಿಯೊಬ್ಬಳಿಂದ ಕಲಿತದ್ದು ಇದು. ಮೊಟ್ಸಾರ್ಟ್ 1787ರಲ್ಲಿ ರಚಿಸಿದ ‘ಐನೆ ಕ್ಲೈನೆ ನಾಖ್ಟ್‌ಮುಸೀಕ್’ ಅವಳಿಗೆ ಗೊತ್ತಿತ್ತು, ಬ್ರಾಮ್ಸ್‌ನ ‘ಐನ್ ಡೊಯ್ಚೆಸ್ ರೆಕ್ವಿಯೆಮ್’ ಗೊತ್ತಿತ್ತು. ಸ್ತ್ರೀಲಿಂಗಕ್ಕೆ ಒಂದು, ನಪುಂಸಕಕ್ಕೆ ಒಂದು ಅವಳ ಬಳಿ ಇದ್ದೇ ಇತ್ತು. ಅಂದಿನಿಂದ ನಾನು ಕಾದಂಬರಿ, ಸಿನಿಮಾಗಳ ಹೆಸರುಗಳನ್ನು ಕೂಡಿಸತೊಡಗಿದೆ. ‘ಡೇರ್ ಬ್ಲೌಎ ಎಂಗೆಲ್’ (1930), ‘ಡೀ ಉನ್‌ಎಂಡ್ಲಿಶೆ ಗೆಶಿಷ್ಟೆ’ (1979), ‘ಡಾಸ್ ವೈಸೆ ಬಾಂಡ್’ (2009): ಮೂರು ಲಿಂಗ, ಮೂರಕ್ಕೂ ‘ಎ’. ಹಾನ್ಸ್ ಫಾಲಾಡಾ 1932ರಲ್ಲಿ ಬರೆದ ‘ಕ್ಲೈನೆರ್ ಮಾನ್, ವಾಸ್ ನೂನ್?’ನಲ್ಲಿ ಮುಂದೆ ಯಾರೂ ಇಲ್ಲದ ‘ಎರ್’. ಗಯಟೆಯ 1774ರ ವೆರ್ಥೆರ್ ಕಾದಂಬರಿಯ ಹೆಸರಿನಲ್ಲಿ ‘ಡೆಸ್ ಯುಂಗೆನ್’, ಷಷ್ಠಿ. ಮ್ಯೂನಿಕ್‌ನಲ್ಲಿ 1903ರಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಗ್ರಹಾಲಯದ ಹೆಸರು ಫಲಕದ ಮೇಲೆ ‘ಡೊಯ್ಚೆಸ್ ಮುಜೇಉಮ್’. ಅದರ ಒಳಗೆ ಹೋದರೆ ನೀವು ‘ಇಮ್ ಡೊಯ್ಚೆನ್ ಮುಜೇಉಮ್’ ಇರುತ್ತೀರಿ. ಹೆಸರಿಗೂ ವಿಭಕ್ತಿ ತಪ್ಪಿದ್ದಲ್ಲ.

8. ನಾಮಪದದ ಮುಂದೆ ನಿಂತಾಗ ಮಾತ್ರ ಬಾಲ

‘ಕಾಫಿ ತಣ್ಣಗಿದೆ’: ಡೇರ್ ಕಾಫೆ ಇಸ್ಟ್ ಕಾಲ್ಟ್. ಬಾಲ ಇಲ್ಲ. ‘ಅವಳು ಚೆನ್ನಾಗಿ ಹಾಡುತ್ತಾಳೆ’: ಜೀ ಜಿಂಗ್ಟ್ ಗೂಟ್. ಬಾಲ ಇಲ್ಲ. ಬಾಲ ಕಲಿತ ಹೊಸತರಲ್ಲಿ ಎಲ್ಲ ಕಡೆಯೂ ಅಂಟಿಸುವುದು ಸಹಜ, ಎರಡು ವಾರದಲ್ಲಿ ಹೋಗುತ್ತದೆ. ನಿಜವಾಗಿ ಗಮನ ಬೇಕಾದದ್ದು ಇಲ್ಲಿ: ‘ಐನ್ ಶ್ರೆಕ್ಲಿಶ್ ಕಾಲ್ಟೆಸ್ ತ್ಸಿಮೆರ್’ ಅಂದರೆ ವಿಪರೀತ ಚಳಿಯ ಕೋಣೆ. ‘ಐನ್ ಶ್ರ‍ೆಕ್ಲಿಶೆಸ್, ಕಾಲ್ಟೆಸ್ ತ್ಸಿಮೆರ್’ ಅಂದರೆ ಅಸಹ್ಯವಾದ, ಚಳಿಯ ಕೋಣೆ. ಮೊದಲನೆಯದರಲ್ಲಿ ಬೈದದ್ದು ಚಳಿಯನ್ನು, ಎರಡನೆಯದರಲ್ಲಿ ಕೋಣೆಯನ್ನು.

9. ದೊಡ್ಡ ವಾಕ್ಯಗಳು ನಮ್ಮ ಮನೆಯಂಗಳ

ಜರ್ಮನ್ ಪತ್ರಿಕೆ, ಕಚೇರಿ ಪತ್ರಗಳಲ್ಲಿ ‘ಡೇರ್’ಗೂ ಅದರ ನಾಮಪದಕ್ಕೂ ನಡುವೆ ಐದಾರು ಪದಗಳು ಬಂದು ಕೂರುತ್ತವೆ. ಇಂಗ್ಲಿಷ್ ದಾರಿಯಲ್ಲಿ ಬಂದವರಿಗೆ ಇದು ಉಸಿರು ಕಟ್ಟಿಸುತ್ತದೆ. ಕನ್ನಡದವರು ಇಂಗ್ಲಿಷನ್ನು ಬದಿಗಿಟ್ಟು ಓದಬೇಕು.

‘ಡಾಸ್ ಗೆಸ್ಟೆರ್ನ್ ಗೆಕೌಫ್ಟೆ ಬೂಖ್.’ ಆ, ನಿನ್ನೆ, ಕೊಂಡ, ಪುಸ್ತಕ. ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ. ‘ಡೇರ್ ಔಫ್ ಡೇಮ್ ಟಿಶ್ ಲೀಗೆಂಡೆ ಶ್ಲ್ಯೂಸೆಲ್’: ಮೇಜಿನ ಮೇಲೆ ಬಿದ್ದಿರುವ ಬೀಗದ ಕೈ. ನಮ್ಮ ಕೃದಂತ, ‘ಕೊಂಡ’, ‘ಬಿದ್ದಿರುವ’ ಎನ್ನುವಂಥದ್ದು, ಅಲ್ಲಿಯೂ ನಾಮಪದದ ಮುಂದೆ ಅದೇ ಜಾಗದಲ್ಲಿ ನಿಲ್ಲುತ್ತದೆ. ವ್ಯತ್ಯಾಸ ಒಂದೇ. ನಮ್ಮ ‘ಕೊಂಡ’ ಯಾವ ವಿಭಕ್ತಿಗೂ ಬಗ್ಗುವುದಿಲ್ಲ: ಕೊಂಡ ಪುಸ್ತಕ, ಕೊಂಡ ಪುಸ್ತಕದಿಂದ. ಅವರದು ಗುಣವಾಚಕದಂತೆ ಬಾಲ ತೊಡುತ್ತದೆ: ‘ಡಾಸ್ ಗೆಕೌಫ್ಟೆ’, ‘ಮಿಟ್ ಡೇಮ್ ಗೆಕೌಫ್ಟೆನ್’. ಅದು ಆಗಲೇ ಕಲಿತದ್ದೇ.

ಹಾಸನದ ಕಡೆಯ ನರ್ಸ್ ಒಬ್ಬರು ನನ್ನ ತರಗತಿಯಲ್ಲಿ ತಿಂಗಳುಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಬಿಡುತ್ತಿರಲಿಲ್ಲ. ಒಂದು ಸಂಜೆ ಬೋರ್ಡಿನ ಮೇಲೆ ‘ಡೀ ಫೊಮ್ ಆರ್ಟ್ಸ್ಟ್ ಫೆರ್‌ಶ್ರೀಬೆನೆನ್ ಮೆಡಿಕಾಮೆಂಟೆ’ ಎಂದು ಬರೆದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ವಾಕ್ಯವನ್ನು ಹಿಂದು ಮುಂದು ಮಾಡುತ್ತಿದ್ದರು. ಆ ನರ್ಸ್ ಹಿಂದಿನ ಬೆಂಚಿನಿಂದ ಕನ್ನಡದಲ್ಲಿ, ‘ಡಾಕ್ಟ್ರು ಬರೆದುಕೊಟ್ಟ ಔಷಧಿಗಳು, ಅಲ್ವಾ ಮೇಡಂ?’ ಎಂದರು. ‘ಹೇಗೆ ಗೊತ್ತಾಯ್ತು?’ ಎಂದರೆ, ‘ಬರೆದಿರೋ ಹಾಗೇ ಓದಿದೆ’ ಎಂದರು. ಅವರು ಮುಂದಿನ ಬೆಂಚಿಗೆ ಬಂದದ್ದು ಆ ವಾರ.

ಆ ವಾಕ್ಯದಲ್ಲೇ ಒಂದು ಸಣ್ಣ ಗುಂಡಿಯೂ ಇದೆ. ‘ಫೆರ್‌ಶ್ರೀಬೆನ್’ ಎಂಬ ಪದ ತಾನಾಗಿಯೇ ‘ಎನ್’ನಲ್ಲಿ ಮುಗಿಯುತ್ತದೆ. ಬಾಲ ಬಂದಾಯಿತು ಎಂದುಕೊಂಡು ಕೈ ಅಲ್ಲೇ ನಿಲ್ಲುತ್ತದೆ. ಇನ್ನೊಂದು ‘ಎನ್’ ಸೇರಬೇಕು: ‘ಫೆರ್‌ಶ್ರೀಬೆನೆನ್’. ಬಹುವಚನ, ಪಂಜು ‘ಡೀ’ ಕೈಯಲ್ಲಿ.

10. ‘ಒಳ್ಳೆಯವನು’ ಎನ್ನುವವರಿಗೆ ‘ಡೊಯ್ಚೆರ್’ ಕಷ್ಟವಲ್ಲ

ನಾಮಪದ ಬಿದ್ದುಹೋದರೆ ನಮ್ಮ ಗುಣವಾಚಕಕ್ಕೂ ಲಿಂಗ ಬರುತ್ತದೆ, ವಿಭಕ್ತಿ ಬರುತ್ತದೆ. ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು, ಒಳ್ಳೆಯವರಿಗೆ. ಜರ್ಮನ್ ಅದೇ ಕೆಲಸ ಮಾಡಿ ಮೊದಲಕ್ಷರವನ್ನು ದೊಡ್ಡದಾಗಿ ಬರೆಯುತ್ತದೆ. ಬಾಲಗಳು ಮಾತ್ರ ಹಳೆಯವೇ. ಭಾರತೀಯ ಎನ್ನುವ ‘ಇಂಡೆರ್’ ಎಲ್ಲ ನಾಮಪದಗಳಂತೆ ಒಂದು ನಾಮಪದ. ಜರ್ಮನ್ ಪ್ರಜೆ ಎನ್ನುವ ಪದ ಮಾತ್ರ ಗುಣವಾಚಕದ ಬಾಳು ಬಾಳುತ್ತದೆ: ‘ಐನ್ ಡೊಯ್ಚೆರ್’, ‘ಡೇರ್ ಡೊಯ್ಚೆ’, ‘ಐನೆ ಡೊಯ್ಚೆ’, ‘ಡೀ ಡೊಯ್ಚೆನ್’. ಆಸ್ಪತ್ರೆಯಲ್ಲಿ ದಿನಾ ಬೇಕಾಗುವ ‘ಆನ್‌ಗೆಹ್ಯೋರಿಗೆ’, ಅಂದರೆ ರೋಗಿಯ ಕಡೆಯವರು, ಇದೇ ಗುಂಪಿನದು. ಒಬ್ಬ ಗಂಡಸಾದರೆ ‘ಐನ್ ಆನ್‌ಗೆಹ್ಯೋರಿಗೆರ್’. ನರ್ಸ್‌ಗಳಿಗೆ ಇದನ್ನು ಮೊದಲ ತಿಂಗಳಲ್ಲೇ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಪುಸ್ತಕಗಳು ಬಹಳ ತಡ ಮಾಡುತ್ತವೆ.

11. ಹಲವರು, ಎಲ್ಲರು

ಚಿಕ್ಕ ಪಾಠ. ‘ಫೀಲೆ’ (ಹಲವು) ಗುಣವಾಚಕಗಳ ಸಾಲಿನಲ್ಲೇ ನಡೆಯುತ್ತದೆ, ಹಾಗಾಗಿ ‘ಫೀಲೆ ಗೂಟೆ ಫ್ರೊಯಿಂಡೆ’. ‘ಆಲೆ’ (ಎಲ್ಲ) ಮುಂದೆ ನಿಂತು ಪಂಜು ಹಿಡಿಯುತ್ತದೆ, ಹಾಗಾಗಿ ‘ಆಲೆ ಗೂಟೆನ್ ಫ್ರೊಯಿಂಡೆ’. ಎರಡು ಎನ್ನುವ ‘ತ್ಸ್ವೈ’ ಕೈಯಲ್ಲಿ ಏನೂ ಇಲ್ಲ: ‘ತ್ಸ್ವೈ ಗೂಟೆ ಫ್ರೊಯಿಂಡೆ’. ಇನ್ನು ತಿಳಿಗೆಂಪಿನ ‘ರೋಸಾ’, ನೇರಳೆಯ ‘ಲೀಲಾ’ ಬಾಲವನ್ನೇ ತೊಡುವುದಿಲ್ಲ.

12. ಮರುನುಡಿಯನ್ನು ಕೇಳಿಸಿಕೊಳ್ಳಿ

ಕೊನೆಯ ‘ರ್’ ಜರ್ಮನ್‌ನಲ್ಲಿ ಉರುಳುವುದಿಲ್ಲ. ‘ಗೂಟೆರ್’ ಎಂಬುದು ಕಿವಿಗೆ ಹೆಚ್ಚು ಕಡಿಮೆ ‘ಗೂಟ’ ಎಂದು ಬೀಳುತ್ತದೆ. ‘ಗೂಟೆ’ಯ ಎಕಾರ ಅರ್ಧ ನುಂಗಿದ್ದು. ‘ಗೂಟೆನ್’ ಬಹಳ ಸಲ ‘ಗೂಟ್ನ್’ ಆಗಿಬಿಡುತ್ತದೆ. ಸ್ವರಗಳನ್ನು ತುಂಬಿ ನುಡಿಯುವ ನಮ್ಮ ಕಿವಿಗೆ ಈ ಮೂರೂ ಮೊದಮೊದಲು ಒಂದೇ. ‘ದಯವಿಟ್ಟು’ ಎನ್ನುವ ‘ಬಿಟೆ’, ‘ಕಹಿ’ ಎನ್ನುವ ‘ಬಿಟೆರ್’ ಇವೆರಡನ್ನೂ ದಿನಕ್ಕೆ ಹತ್ತು ಸಲ ಕೇಳಿ ಹೇಳುವುದರಿಂದ ನಾನು ಈ ಅಭ್ಯಾಸ ಶುರು ಮಾಡಿಸುತ್ತೇನೆ.

ಡ್ರೆಸ್ಡೆನ್‌ನ ನನ್ನ ಬೀದಿಯ ಬೇಕರಿಯಲ್ಲಿ ದಿನಾ ಬೆಳಿಗ್ಗೆ ಕಾಫಿ ಕೇಳುತ್ತಿದ್ದೆ: ‘ಐನ್ ಗ್ರೋಸೆ ಕಾಫೆ, ಬಿಟೆ.’ ಅಲ್ಲಿದ್ದ ವಯಸ್ಸಾದ ಹೆಂಗಸು ಕಪ್ಪಿಗೆ ಕೈ ಚಾಚುತ್ತ, ‘ಐನೆನ್ ಗ್ರೋಸೆನ್ ಕಾಫೆ, ಗೆರ್ನೆ’ ಎನ್ನುತ್ತಿದ್ದರು. ನಾನು ಕೇಳಿದ್ದು ಖಾತ್ರಿಯಾಯಿತೆಂದು ತಲೆಯಾಡಿಸುತ್ತಿದ್ದೆ. ಒಂದು ತಿಂಗಳಾದ ಮೇಲೆ ಒಂದು ದಿನ ಆ ಎರಡು ‘ನ್’ಗಳು ಕಿವಿಗೆ ಬಿದ್ದವು. ಅವರು ಅಷ್ಟು ದಿನವೂ ನನ್ನ ವಾಕ್ಯವನ್ನು ಸರಿ ಮಾಡಿ, ನೋಯಿಸದೆ, ಕಾಫಿಯ ಜೊತೆ ವಾಪಸ್ ಕೊಡುತ್ತಿದ್ದರು. ಮರುದಿನ ನಾನೇ ‘ಐನೆನ್ ಗ್ರೋಸೆನ್ ಕಾಫೆ’ ಎಂದೆ. ಅವರು ಬರೀ ‘ಗೆರ್ನೆ’ ಎಂದರು.

ಹಾಸನದ ಆ ನರ್ಸ್ ಈಗ ಜರ್ಮನಿಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಕಳೆದ ಚಳಿಗಾಲದಲ್ಲಿ ಸಿಬ್ಬಂದಿ ಕೋಣೆಯ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಸೂಚನೆಯ ಫೋಟೊ ಕಳಿಸಿದರು: ‘ಬಿಟೆ ಕೈನೆ ಒಫೆನೆನ್ ಲೇಬೆನ್ಸ್‌ಮಿಟೆಲ್’, ತೆರೆದಿಟ್ಟ ತಿಂಡಿ ತಿನಿಸು ಬೇಡ. ‘ಒಫೆನೆನ್’ನ ಎರಡನೆಯ ‘ಎನ್’ ಸುತ್ತ ಕೆಂಪು ವೃತ್ತ ಎಳೆದು ಕೆಳಗೆ ಕನ್ನಡದಲ್ಲಿ ಬರೆದಿದ್ದರು: ‘ಮೇಡಂ, ಪಂಜು ಕೈನೆ ಹತ್ರ ಇದೆ.’